ಬಲೆಗೆ ಮನೇಲಿ ಜಾಗ ಇಲ್ವಂತೆ!

ಈ ಸಲ ಬರೀತಿರೋದು ಸಾರಿನ ವಿಷಯ ಅಲ್ಲ, ಉಪ್ಪಿನಕಾಯಿ ವಿಷಯಾನೂ ಅಲ್ಲ. ಓದಿ ಒಂದಿಬ್ರಿಗೆ ಕೋಪ ಬರಬೌದು. ಬಂದ್ರೆ ಬರ್ಲಿ. ಮುಂದಿನ ಮದುವೇಲಿ ಸಿಕ್ಕಾಗ ಬೈಯಿರಂತೆ, ಈಗ ಪೂರ್ತಿ ಓದಿ.

ನಾನು ಹೇಳೋದು ಇಷ್ಟೇ. ಮನೇಲಿ ಮೀನು ಹಿಡಿಯೋರು ಇದ್ರೆ ಬಲೆಗೆ, ಗಾಳಕ್ಕೆ, ಕೂಳಿಗೆ ಮನೆ ಒಳಗೇ ಒಂದು ಜಾಗ ಇರ್ಬೇಕು. ಬೇಲಿ ಮೇಲಲ್ಲ, ಕೊಟ್ಟಿಗೆ ಮೂಲೇಲಲ್ಲ, ಪಕ್ಕದ ಮನೆಯವರ ಶೀಟಿನ ಕೆಳಗಲ್ಲ. ಆ ಜಾಗ ಎಲ್ಲಿ ಅಂತ ಹೇಳೋಳು ಆ ಮನೆ ಹೆಂಗಸು. ಇಡೋನು ಗಂಡಸು.

ಈಚೆಗೆ ನಮ್ಮ ನೆಂಟರಲ್ಲಿ ಮೂರು ಹೊಸ ಮನೆ ಎದ್ದವೆ. ಹಾಸನದಲ್ಲಿ ಒಂದು, ಚನ್ನರಾಯಪಟ್ಟಣದಲ್ಲಿ ಒಂದು, ನಮ್ಮ ಹೊಳೆನರಸೀಪುರದಲ್ಲೇ ಒಂದು. ಮೂರರ ಪ್ಲಾನೂ ನೋಡಿದೀನಿ. ದೇವ್ರ ಮನೆ ಐತೆ, ಕಾರ್ ನಿಲ್ಸೋಕೆ ಜಾಗ ಐತೆ (ಎರಡು ಮನೇಲಿ ಕಾರೇ ಇಲ್ಲ), ಟಿ.ವಿ. ಇಡೋಕೆ ಗೋಡೆ ತುಂಬ ಷೋಕೇಸು. ಬಾಗಿಲ ಪಕ್ಕದಲ್ಲೇ ಚಪ್ಪಲಿ ಇಡೋಕೆ ಅಂತ ಬೀಗ ಹಾಕೋ ಬೀರು ಬೇರೆ. ಬೀದಿ ಕೊಚ್ಚೆ ತುಳ್ಕೊಂಡು ಬರೋ ಚಪ್ಪಲಿಗೆ ಬೀರು! ಬಲೆ ಎಲ್ಲಿ ಇಡ್ತೀಯವ್ವ ಅಂತ ಕೇಳಿದ್ರೆ ಮೂರು ಜನದ್ದೂ ಒಂದೇ ಮಾತು: "ಹೊರಗೆ ಎಲ್ಲಾದ್ರೂ ಬಿಸಾಕ್ತಾರೆ ಬಿಡಕ್ಕ, ವಾಸನೆ." ಆ ಮೂರು ಮನೆ ಪಾಯಕ್ಕೂ ಬಲೆ ದುಡ್ಡು ಬಿದ್ದೈತೆ. ನಾನು ಲೆಕ್ಕ ಇಟ್ಟಿಲ್ಲ, ಆದ್ರೆ ನಂಗೆ ಗೊತ್ತು, ಅವರಿಗೂ ಗೊತ್ತು.

ಮೊದಲು ವಾಸನೆ ಮಾತು ಮುಗಿಸ್ತೀನಿ. ನೈಲಾನ್ ದಾರಕ್ಕೆ ಯಾವ ವಾಸನೇನೂ ಇಲ್ಲ. ವಾಸನೆ ಬರೋದು ಬಲೆ ಕಣ್ಣಲ್ಲಿ ಸಿಕ್ಕೊಂಡಿರೋ ಪೊರೆ, ಲೋಳೆ, ಪಾಚಿ, ಸತ್ತ ಸೀಗಡಿ ಇವುಗಳಿಂದ. ಹೊಳೆ ದಡದಲ್ಲೇ ಎರಡು ಸಲ ಜಾಲಾಡಿಸಿ, ಕಸ ಕಿತ್ತು, ಮನೆಗೆ ತಂದ ಮೇಲೆ ಬೋರ್‌ವೆಲ್ ನೀರಲ್ಲಿ ಇನ್ನೊಂದು ಸಲ ಅದ್ದಿ ಎತ್ತಿದ್ರೆ ಮುಗೀತು. ಸೋಪಿನ ಪುಡಿ ಬೇಡ, ಬ್ಲೀಚಿಂಗ್ ಪೌಡರ್ ಅಂತೂ ಹತ್ರಾನೂ ತರಬೇಡಿ. ಬರೀ ನೀರು ಸಾಕು. ಆಮೇಲೆ ಗಾಳಿ ಆಡೋ ಕಡೆ ಪೂರ್ತಿ ಒಣಗಿಸಿ. ಒದ್ದೆ ಬಲೇನ ಗೊಬ್ಬರದ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಬಾಯಿ ಕಟ್ಟಿ, ಎರಡು ದಿನ ಬಿಟ್ಟು ಬಿಚ್ಚಿ "ಅಯ್ಯೋ ನಾತ" ಅಂದ್ರೆ ಆ ನಾತ ಬಲೇದಾ, ನಿಮ್ಮ ಯಜಮಾನ್ರದಾ? ತೊಳೆಯೋದು ಹಿಡ್ಕೊಂಡು ಬಂದೋರ ಕೆಲಸ. ತಟ್ಟೆ ತೊಳೀದೆ ಬೀರುವಲ್ಲಿಟ್ಟು ಬೀರು ವಾಸನೆ ಅನ್ನೋರನ್ನ ಯಾರಾದ್ರೂ ಕಂಡಿದೀರಾ?

ಇನ್ನು ಬಿಸಿಲು. ನಮ್ಮ ಬೀದೀಲಿ ಈಗ್ಲೂ ನೋಡಿ, ಬಲೆ ತಂದ್ರು ಅಂದ್ರೆ ಸೀದಾ ಬೇಲಿ ಮೇಲೆ ಹರಡೋದು, ವಾರಗಟ್ಲೆ ಅಲ್ಲೇ. ಕೇಳಿದ್ರೆ "ನಮ್ಮಪ್ಪನ ಕಾಲದಿಂದ ಹಿಂಗೇ" ಅಂತಾರೆ. ನಿಮ್ಮಪ್ಪನ ಕಾಲದ ಬಲೆ ಯಾವ್ದಪ್ಪ? ಹತ್ತಿ ನೂಲಿಂದು. ನಮ್ಮತ್ತೆ ಹೇಳ್ತಿದ್ರು, ಆಗ ಮರದ ಚಕ್ಕೆ ಕುದಿಸಿದ ಒಗರು ನೀರಲ್ಲಿ ಬಲೆ ಅದ್ದಿ ಕೆಂಪಗೆ ಮಾಡಿ ಒಣಗಿಸೋರಂತೆ, ಇಲ್ದಿದ್ರೆ ಹತ್ತಿ ಕೊಳೀತಿತ್ತು. ಅಂಥ ಬಲೆಗೆ ಬಿಸಿಲು ಬೇಕೇ ಬೇಕು. ನೈಲಾನ್ ಹಂಗಲ್ಲ. ಅದು ನೀರಿಗೆ ಕೊಳೆಯಲ್ಲ, ಬಿಸಿಲಿಗೆ ಸಾಯ್ತದೆ. ಬಿಸಿಲಲ್ಲಿರೋ ಅತಿನೇರಳೆ ಕಿರಣಕ್ಕೆ ದಾರದ ಶಕ್ತಿ ಹೋಗ್ತದೆ. ನೋಡೋಕೆ ಹೊಸದರ ಹಂಗೇ ಇರ್ತದೆ, ಒಂದು ದೊಡ್ಡ ಕಾಟ್ಲ ಬಿದ್ದು ಒದರಿದ ದಿನ ಪಟಪಟ ಅಂತದೆ. ಸಣ್ಣ ತಂಗೂಸಿ ಬಲೆಗಂತೂ ಇನ್ನೂ ಬೇಗ. ದಾರ ಬದಲಾಯ್ತು, ಬೇಲಿ ಮಾತ್ರ ಬದಲಾಗ್ಲಿಲ್ಲ. ನೆರಳಲ್ಲಿ ಒಣಗಿಸ್ರಪ್ಪ ಅಂದ್ರೆ ಹೆಂಗಸಿಗೇನು ಗೊತ್ತು ಅಂತಾರೆ. ಪ್ಲಾಸ್ಟಿಕ್ ಕೊಡ ಬಿಸಿಲಲ್ಲಿ ಬಿಟ್ರೆ ಏನಾಗ್ತದೆ ಅಂತ ಹೆಂಗಸಿಗೆ ಗೊತ್ತು ಸ್ವಾಮಿ.

ಬಲೆ ಹೊಳೇಲಿ ಹಾಳಾಗೋದಕ್ಕಿಂತ ಮನೇಲಿ ಹಾಳಾಗೋದೇ ಜಾಸ್ತಿ. ಮಳೆಗಾಲ ನೆನೆಸ್ಕೊಳ್ಳಿ. ಗೊರೂರು ಅಣೆಕಟ್ಟೆ 1979ರಲ್ಲಿ ಮುಗೀತು. ಅಲ್ಲಿಂದೀಚೆಗೆ ನಮ್ಮ ಹೊಳೆ ಯಾವಾಗ ಏರ್ತದೆ ಅನ್ನೋದು ಮಳೆ ಒಂದರ ಕೈಲಿಲ್ಲ, ಗೇಟಿನ ಕೈಲೂ ಐತೆ. ಜಲಾಶಯ 2922 ಅಡಿ ಮುಟ್ಟೋಕೆ ಬಂತು ಅಂದ್ರೆ ಹೇಮಾವತಿಗೆ ನೀರು ಬಿಡ್ತಾರೆ, ದಡಕ್ಕೆ ಹೋಗಬೇಡಿ ಅಂತ ಸಾರ್ತಾರೆ. ಆಗ ಎಲ್ಲಾ ಸಾಮಾನು ಮನೆಗೆ ಬರ್ತದೆ. ಒಂದು ತಿಂಗಳೋ ಎರಡು ತಿಂಗಳೋ ಮೂಲೇಲಿ ಬಿದ್ದಿರ್ತದೆ. ಇಲಿ ಕಡಿಯೋದು ಆವಾಗ್ಲೇ. ಮೀನಿನ ವಾಸನೆ ಹಿಡ್ಕೊಂಡು ಬರೋ ಇಲಿ ಒಂದೇ ರಾತ್ರೀಲಿ ಹತ್ತು ಕಡೆ ತೂತು ಮಾಡ್ತದೆ, ಹೆಗ್ಗಣ ಆದ್ರೆ ಹಾಸಿಗೇನೇ ಮಾಡ್ಕೊಂಡು ಮರಿ ಹಾಕ್ತದೆ. ಬೇವಿನ ಸೊಪ್ಪು ಇಟ್ರೆ ಇಲಿ ಬರಲ್ಲ ಅಂತಾರೆ. ನಮ್ಮನೆ ಇಲಿಗೆ ಅದನ್ನ ಯಾರೂ ಹೇಳಿಲ್ಲ ಅಂತ ಕಾಣ್ತದೆ. ಹೊಳೆ ಇಳಿದ ಮೇಲೆ ಬಲೆ ಬಿಚ್ಚಿ ನೋಡಿ ತಲೆ ಮೇಲೆ ಕೈ ಹೊತ್ಕೊಂಡು ಕೂರೋರು ಗಂಡಸ್ರು. ಹೊಸ ಬಲೆಗೆ ದುಡ್ಡು ಹೋಗೋದು ಸಂಘದ ಸಾಲದಿಂದ, ಅಂದ್ರೆ ನನ್ನ ಹೆಸರಿನ ಸಾಲದಿಂದ. ಅದಕ್ಕೇ ಇದು ನನ್ನ ವಿಷಯ ಅಂತ ಹೇಳ್ತಿರೋದು.

ಇಡೋ ಕ್ರಮ ಏನು ಅಂದ್ರೆ, ನೇತುಹಾಕೋದೇ ಒಳ್ಳೇದು. ಹೆಂಚಿನ ಮನೇಲಿ ಜಂತೆ ಇತ್ತು, ಗಳ ಇತ್ತು, ಯೋಚನೆ ಇರ್ಲಿಲ್ಲ. ಬೀಸುಬಲೇನ ನಡುನೆತ್ತಿ ಹಗ್ಗದಿಂದ ನೇತುಹಾಕಿ, ಗುಂಡಿನ ಭಾರ ದಾರಾನ ಎಳೀದೆ ಇರೋ ಹಂಗೆ ಕೆಳಗೊಂದು ಮಂಕ್ರಿ ಇಟ್ಟು ಗುಂಡು ಅದರಲ್ಲಿ ಕೂರೋ ಹಂಗೆ ಮಾಡ್ಬೇಕು. ನೀರಿಗೆ ಅಡ್ಡ ಕಟ್ಟೋ ಬಲೆ ಬೇರೆ ಥರ. ಬೆಂಡು ಕಟ್ಟಿರೋ ಹಗ್ಗ ಒಂದು ಕಡೆ, ಗುಂಡು ಕಟ್ಟಿರೋ ಹಗ್ಗ ಇನ್ನೊಂದು ಕಡೆ ಸೇರಿಸ್ಕೊಂಡು ಹೋಗಿ, ಎರಡು ಕಡೇನೂ ಹಳೇ ಬಟ್ಟೇಲಿ ಬೇರೆ ಬೇರೆ ಕಟ್ಬೇಕು. ಇದೊಂದು ಮಾಡಿದ್ರೆ ಬಲೆ ಸಿಕ್ಕಾಗಲ್ಲ. ಮಾಡ್ದೆ ಎಲ್ಲಾ ಒಟ್ಟಿಗೆ ಉಂಡೆ ಕಟ್ಟಿ ಎಸೆದ್ರೆ, ಸಿಕ್ಕು ಬಿಡ್ಸೋಕೆ ಜಗಲೀಲಿ ಮೂರು ಮಧ್ಯಾಹ್ನ ಕೂರೋರು ಯಾರು? ನಾನು, ನಮ್ಮ ವಾರಗಿತ್ತಿ. ನೇತುಹಾಕೋಕೆ ಜಾಗ ಇಲ್ದಿದ್ರೆ ಮುಚ್ಚಳ ಇರೋ ನೀಲಿ ಡ್ರಮ್ ತನ್ನಿ, ಮೇಲ್ಗಡೆ ಪಕ್ಕದಲ್ಲಿ ನಾಕೈದು ಸಣ್ಣ ತೂತು ಕೊರ್ಸಿ, ಗಾಳಿ ಆಡ್ಲಿ. ಒಳಗೆ ಹಾಕೋ ಮುಂಚೆ ಬಲೇನ ಈರುಳ್ಳಿ ಚೀಲದಲ್ಲಿ ಹಾಕಿ. ಯಾವ ಚೀಲದಲ್ಲಿ ಯಾವ ಕಣ್ಣಿನ ಬಲೆ ಅಂತ ಒಂದು ರಟ್ಟಿನ ಚೀಟಿ ಕಟ್ಟಿದ್ರೆ ಹುಡುಕೋ ಗೋಳೂ ಇಲ್ಲ. ಅಕ್ಕಿ, ರಾಗಿ ಡ್ರಮ್ಮಿಗೆ ಮಾಡ್ತೀವಲ್ಲ, ಅದೇ.

ಇಷ್ಟು ಸುಲಭ ಇರೋದನ್ನ ಯಾಕೆ ಮಾಡಲ್ಲ? ವಾಸನೆ ಅನ್ನೋದು ನೆಪ ಕಣ್ರವ್ವ. ಬಲೆ ಕಂಡ್ರೆ ನಾವು ಬೆಸ್ತರು ಅಂತ ಬಂದೋರಿಗೆ ಗೊತ್ತಾಗ್ತದೆ, ಅದು ನಿಮ್ಮ ಸಂಕಟ. ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ನಾನು ಹೇಳ್ತೀನಿ. ಹೋದ ವರ್ಷ ನಮ್ಮ ಹತ್ತಿರದ ನೆಂಟರ ಮನೇಲಿ ಹೆಣ್ಣು ನೋಡೋಕೆ ಬರೋರಿದ್ರು. ಹಿಂದಿನ ರಾತ್ರೀನೇ ಬಲೆ, ಬೆಂಡು, ಹುಟ್ಟು ಎಲ್ಲಾ ಕತ್ತಲಲ್ಲಿ ಪಕ್ಕದ ಮನೆ ಕೊಟ್ಟಿಗೆಗೆ ಸಾಗ್ಸಿದ್ರು. ಬರೋ ಗಂಡಿನ ಕಡೆಯವರು ಯಾರು? ಅವರೂ ನಮ್ಮೋರೇ! ಅವರ ಮನೇಲೂ ಬಲೆ ಐತೆ, ಅವರೂ ಯಾರೋ ಬಂದಾಗ ಬಚ್ಚಿಟ್ಟಿರ್ತಾರೆ. ಇಬ್ಬರೂ ಎದುರುಬದುರು ಕೂತ್ಕೊಂಡು ಕೇಸರಿಬಾತ್ ತಿಂದ್ರು. ಹುಡುಗಿ ಓದಿರೋದು ಯಾವ ದುಡ್ಡಲ್ಲಿ ಅಂತ ಇಬ್ರಿಗೂ ಗೊತ್ತು.

ಪ್ರತಿ ವರ್ಷ ಜನವರಿ 21ಕ್ಕೆ ಅಂಬಿಗರ ಚೌಡಯ್ಯನವರ ಜಯಂತಿ. ಸರ್ಕಾರವೇ ಮಾಡ್ತದೆ. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರ ಕಾಲದಲ್ಲಿದ್ದ ವಚನಕಾರರು, ಕಸುಬಿನ ಹೆಸರನ್ನೇ ತನ್ನ ಹೆಸರಿಗೆ ಸೇರ್ಸಿಕೊಂಡೋರು. ಆವತ್ತು ನಾವು ರೇಷ್ಮೆ ಸೀರೆ ಉಟ್ಕೊಂಡು ಫೋಟೋಗೆ ಹಾರ ಹಾಕಿ ಮೆರವಣಿಗೆ ಹೋಗ್ತೀವಿ, ಭಾಷಣ ಕೇಳ್ತೀವಿ. ಮನೆಗೆ ಬಂದು ಬಲೆ ಬಚ್ಚಿಡ್ತೀವಿ. ಆಯುಧ ಪೂಜೆಗೂ ಇದೇ ಕತೆ. ಬೈಕಿನ ಚಕ್ರಕ್ಕೆ ನಿಂಬೆಹಣ್ಣು, ಮಿಕ್ಸಿಗೆ ಕುಂಕುಮ, ಟಿ.ವಿ.ಗೂ ವಿಭೂತಿ. ಆ ಬೈಕಿನ ಕಂತು ಕಟ್ಟಿದ ಬಲೆಗೆ ಒಂದು ಹೂವಿಲ್ಲ. ನಮ್ಮನೇಲಿ ಮೊದಲ ಹೂವು ಬಲೆಗೆ. ಬೈಕ್ ಆಮೇಲೆ.

ಈಗ ಗಂಡಸ್ರ ಸರದಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆ ಕೂರಿಸ್ಕೊಂಡು ಹೇಳಿದ್ರು, "ಬಲೆ ದಾಟಬ್ಯಾಡ ಕಣವ್ವ, ಹೊರಗಾದಾಗ ಮುಟ್ಟಲೇಬ್ಯಾಡ, ಮೀನು ಬೀಳಕಿಲ್ಲ." ಆಯ್ತು ಅಂದೆ. ಒಂದು ವಾರಕ್ಕೆ ಹರಿದ ಬಲೆ ತಂದು ನನ್ನ ಮುಂದೆ ಹಾಕಿದ್ರು, ಹೆಣಿ ಅಂತ. ಬಲೆ ಹೆಣೆಯೋ ಬಿದಿರು ಕಡ್ಡಿ ಕೈಗೆ ಕೊಟ್ಟು ಕಣ್ಣು ಅಳೆಯೋದು ಹೇಳಿಕೊಟ್ಟೋರೂ ನಮ್ಮತ್ತೇನೇ, ಎಷ್ಟು ಚೆಂದ ಹೆಣೆಯೋರು ಅಂದ್ರೆ ಯಾವುದು ಹಳೇ ಕಣ್ಣು ಯಾವುದು ಹೊಸ ಕಣ್ಣು ಅಂತ ಗೊತ್ತಾಗ್ತಿರ್ಲಿಲ್ಲ. ಹೆಣೆಯೋಕೆ ಮುಟ್ಟಬೌದು, ಸಿಕ್ಕು ಬಿಡ್ಸೋಕೆ ಮುಟ್ಟಬೌದು, ಪೊರೆ ಕಿತ್ತು ತೊಳೆಯೋಕೆ ಮುಟ್ಟಬೌದು. ಇದು ಇಲ್ಲಿ ಬೇಡ, ಅಲ್ಲಿ ಇಡಿ ಅನ್ನೋಕೆ ಮಾತ್ರ ಮುಟ್ಟಂಗಿಲ್ಲ! ದುಡಿಮೆಗೆ ಇಲ್ಲದ ಮೈಲಿಗೆ ಯಜಮಾನಿಕೆಗೆ ಎಲ್ಲಿಂದ ಬರ್ತದೆ? ನಾನು ಈಗ ಎಲ್ಲಾ ದಿನಾನೂ ಮುಟ್ತೀನಿ, ಎತ್ತಿ ಇಡ್ತೀನಿ. ಮೀನು ಬೀಳೋ ದಿನ ಬೀಳ್ತವೆ, ಬೀಳ್ದೇ ಇರೋ ದಿನ ಇಲ್ಲ. ಗೊರೂರಿಂದ ನೀರು ಬಿಟ್ರಾ ಇಲ್ವಾ ಅಂತ ಕೇಳ್ತವೆ ಮೀನು, ನನ್ನ ದಿನ ಯಾವುದು ಅಂತ ಕೇಳಲ್ಲ.

ಗಾಳದ ವಿಷಯಕ್ಕೆ ಬಂದ್ರೆ ನಂಗೆ ತಡೆಯೋಕಾಗಲ್ಲ. ಬಲೆ ಇಲ್ದೋರ ಮನೇಲೂ ಗಾಳ ಐತೆ, ಭಾನುವಾರ ಕೆರೆ ಏರಿ ಮೇಲೆ ಕೂರೋ ಹುಡುಗರಿಂದ. ಆ ಕೊಕ್ಕೆಗಳನ್ನ ಎಲ್ಲಿ ಚುಚ್ಚಿರ್ತಾರೆ ನೋಡಿ. ಬಾಗಿಲ ಚೌಕಟ್ಟಿಗೆ, ಕ್ಯಾಲೆಂಡರ್ ತುದಿಗೆ, ಷರಟಿನ ಕಾಲರಿಗೆ. ಆ ಷರಟು ಒಗೆಯೋಕೆ ಬರೋದು ಯಾರ ಕೈಗೆ? ನಮ್ಮ ನಾದಿನಿ ಮೊಮ್ಮಗು, ಅಂಬೆಗಾಲಿಡೋದು, ನೆಲದಲ್ಲಿ ಬಿದ್ದ ಕೊಕ್ಕೆ ಮೇಲೆ ಅಂಗೈ ಊರಿತು. ಕೊಕ್ಕೆ ತುದೀಲಿ ಹಿಂದಕ್ಕೆ ಮುಳ್ಳಿರ್ತದೆ, ಹೋಗೋಕೆ ಸುಲಭ, ವಾಪಸ್ ಬರಲ್ಲ. ಅದು ಇರೋದೇ ಅದಕ್ಕೆ. ಮನೆಯವರು ಎಳೀಬೇಡಿ, ಎಳೆದಷ್ಟೂ ಮಾಂಸ ಕಿತ್ಕೊಂಡು ಬರ್ತದೆ. ದಾರ ಕತ್ತರಿಸಿ, ಕೊಕ್ಕೆ ಅಲ್ಲಾಡದ ಹಂಗೆ ಬಟ್ಟೆ ಸುತ್ತಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಟಿ.ಟಿ. ಇಂಜೆಕ್ಷನ್ ಕೇಳಿ ಹಾಕ್ಸಿ. ಮಗು ಹುಷಾರಾಯ್ತು, ಸದ್ಯ. ಅಂಗೈ ಬದಲು ಕಣ್ಣಾಗಿದ್ರೆ? ಹಳೇ ಹವಾಯಿ ಚಪ್ಪಲಿ ಅಟ್ಟೆ ಒಂದು ತುಂಡು ಕತ್ತರಿಸ್ಕೊಳ್ಳಿ, ಎಲ್ಲಾ ಕೊಕ್ಕೆ ಅದಕ್ಕೆ ಚುಚ್ಚಿ, ಮುಚ್ಚಳ ಬಿಗಿಯಾಗಿರೋ ಸ್ಟೀಲ್ ಡಬ್ಬೀಲಿಟ್ಟು, ಎಣಿಸಿ, ಮೇಲ್ಗಡೆ ಅಟ್ಟಕ್ಕೆ. ಹೋಗುವಾಗ ಎಷ್ಟು, ಬಂದಾಗ ಎಷ್ಟು. ಲೆಕ್ಕ ತಪ್ಪಿದ್ರೆ ಹುಡುಕೋವರೆಗೂ ಊಟ ಇಲ್ಲ. ನಮ್ಮನೇಲಿ ಹಂಗೇ.

ಕೊಕ್ಕೆ ಕಣ್ಣಿಗಾದ್ರೂ ಕಾಣ್ತದೆ, ಸೀಸ ಕಾಣಲ್ಲ. ಗುಂಡು ಕಮ್ಮಿ ಆದ್ವು ಅಂತ ಹಳೇ ಲಾರಿ ಬ್ಯಾಟರಿ ಒಡೆದು, ಅದರ ಸೀಸಾನ ಅಡುಗೆ ಮನೆ ಒಲೆ ಮೇಲೆ ಸಾರಿನ ಸೌಟಲ್ಲಿ ಕರಗಿಸಿ ಅಚ್ಚಿಗೆ ಹುಯ್ಯೋರು ಈಗ್ಲೂ ಅವ್ರೆ. ಸೀಸ 327 ಡಿಗ್ರಿಗೇ ಕರಗ್ತದೆ, ಗ್ಯಾಸ್ ಒಲೇಲಿ ಆರಾಮಾಗಿ ಆಗ್ತದೆ, ಅದಕ್ಕೇ ಧೈರ್ಯ. ಅದರ ಹೊಗೆ, ಅದರ ಧೂಳು ಮಕ್ಕಳ ಮೆದುಳಿಗೆ ವಿಷ. ಇಷ್ಟಾದ್ರೆ ಪರವಾಗಿಲ್ಲ ಅನ್ನೋ ಮಟ್ಟವೇ ಸೀಸಕ್ಕೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯವರು ಹೇಳ್ತಾರೆ. ಇಂಗ್ಲೆಂಡಲ್ಲಿ ಗಾಳದ ಸಣ್ಣ ಸೀಸದ ಗುಂಡು ನುಂಗಿ ಹಂಸಗಳು ಸಾಯ್ತಿದ್ವು ಅಂತ 1987ರಲ್ಲೇ ಅದನ್ನ ನಿಲ್ಲಿಸಿದ್ರು. ಹಂಸಕ್ಕೆ ಇರೋ ಕಾಳಜಿ ನಮ್ಮ ಮಕ್ಕಳಿಗೆ ಬೇಡ್ವಾ? ಗುಂಡಿನ ಡಬ್ಬಿ ಅಡುಗೆ ಮನೇಲಿ ಇಡಂಗಿಲ್ಲ, ಮಕ್ಕಳು ಬಾಯಿಗೆ ಹಾಕ್ಕೊಳ್ಳಂಗಿಲ್ಲ, ಗಂಡಸ್ರು ಹಲ್ಲಲ್ಲಿ ಕಚ್ಚಿ ಗುಂಡು ಒತ್ತೋದು ನಿಲ್ಸಬೇಕು. ಗುಂಡು ಅಂಗಡೀಲಿ ಸಿಗ್ತವೆ, ಕಬ್ಬಿಣದ್ದೂ ಸಿಗ್ತವೆ. ಬ್ಯಾಟರಿ ಒಡೀತೀನಿ ಅಂದ್ರೆ ನನ್ನ ಒಲೆ, ನನ್ನ ಸೌಟು ಸಿಗಲ್ಲ.

ನಮ್ಮ ತಂಗಿ ಅರಕಲಗೂಡು ಕಡೆ, ಕೊಣನೂರಿಗೆ ಕೊಟ್ಟಿರೋದು. ಅವಳು ಹೇಳ್ತಾಳೆ, "ಪಕ್ಕದಲ್ಲೇ ರಾಮನಾಥಪುರ ಕಣಕ್ಕ, ಕಾವೇರೀಲಿ ದೇವ್ರ ಮೀನಿಗೆ ಪುರಿ ಹಾಕಿ ಕೈ ಮುಗೀತಾರೆ, ಅಲ್ಲಿ ಬಲೇನೇ ಇಳಿಸಂಗಿಲ್ಲ. ನೀನು ದೇವ್ರ ಮನೆ ಗೋಡೆಗೇ ಬಲೆ ನೇತುಹಾಕಿದೀಯಲ್ಲ." ವಹ್ನಿಪುಷ್ಕರಣೀಲಿ ಮೀನು ಹಿಡಿಯಬಾರದು, ಸರಿ. ನಾನೂ ಹೋದಾಗೆಲ್ಲ ಪುರಿ ಹಾಕಿದೀನಿ, ಎಷ್ಟೆಷ್ಟು ದೊಡ್ಡವು ಬರ್ತವೆ ಮೆಟ್ಟಿಲವರೆಗೂ! ಆದ್ರೆ ಅಲ್ಲಿ ಹಿಡಿಯದೇ ಇರೋದಕ್ಕೂ ಇಲ್ಲಿ ಬಲೆ ನಾಚಿಕೆ ಆಗೋದಕ್ಕೂ ಏನವ್ವ ಸಂಬಂಧ? ನಮ್ಮ ಗಂಗಮ್ಮನ ಪೂಜೆ ನೀರಿನ ಪೂಜೆ ತಾನೇ. ಬಲೆ ನೇತಾಡೋ ಗೋಡೆಯಾಚೆ ಗಂಗಮ್ಮ ಇರ್ತಾಳೆ, ಅವಳೇನೂ ಮೂಗು ಮುಚ್ಕೊಂಡಿಲ್ಲ.

ಹಳೇ ಬಲೆ ಬಗ್ಗೆ ಚನ್ನರಾಯಪಟ್ಟಣದೋರಿಗೆ ಒಂದು ಮಾತು, ಅದು ನನ್ನ ತವರೇ, ಅದಕ್ಕೆ ಸಲಿಗೆ. ಅಲ್ಲಿ ಹೊಳೆ ಇಲ್ಲ, ಕೆರೆ. ಬೇಸಗೇಲಿ ಕೆರೆ ಬತ್ತಿದಾಗ ಊರಿಗೆ ಊರೇ ಇಳಿಯೋದು, ಯಾರ ಕೈಲಿ ಕೂಳಿ, ಯಾರ ಕೈಲಿ ಮಂಕ್ರಿ, ಕೆಲವರು ಹಳೇ ಸೀರೇನೇ ಬಲೆ ಮಾಡ್ಕೊಂಡು. ಬಿದಿರು ಕೂಳೀನ ನಮ್ಮವ್ವ ಒಲೆ ಮೇಲಿನ ಅಟ್ಟದಲ್ಲಿಡೋರು, ಹೊಗೆಗೆ ಹುಳ ಹಿಡೀತಿರ್ಲಿಲ್ಲ, ವರ್ಷಾನುಗಟ್ಲೆ ಬರ್ತಿತ್ತು. ಈಗ ಗ್ಯಾಸ್ ಬಂತು, ಹೊಗೆ ಹೋಯ್ತು, ಕೂಳಿಗೂ ಹುಳ ಬಿತ್ತು. ಅದಿರ್ಲಿ. ಈಗ ನೈಲಾನ್ ಬಲೆ ಹರೀತು ಅಂದ್ರೆ ಹಿತ್ಲಲ್ಲಿ ಬದನೆ ಗಿಡಕ್ಕೆ ಬೇಲಿ, ಕೋಳಿ ಗೂಡಿಗೆ ಸುತ್ತು. ಏನೂ ದಂಡ ಮಾಡಬಾರದು ಅಂತ ಅಲ್ವಾ, ನಂಗೂ ಅರ್ಥ ಆಗ್ತದೆ. ಆದ್ರೆ ಬೆಳಿಗ್ಗೆ ಎದ್ದು ನೋಡಿದ್ರೆ ಕೇರೆ ಹಾವು ಸಿಕ್ಕೊಂಡು ಕುತ್ತಿಗೆ ಕೊಯ್ದುಕೊಂಡಿರ್ತದೆ. ಇಲಿ ತಿನ್ನೋ ಹಾವೇ ಹೋಯ್ತು, ಇಲಿ ಜಾಸ್ತಿಯಾಯ್ತು, ಒಳಗಿನ ಹೊಸ ಬಲೇನೂ ಕಡೀತು. ಕೇರೆ ಬದಲು ನಾಗರ ಸಿಕ್ಕೊಂಡಿದ್ರೆ ಬಿಡ್ಸೋಕೆ ಹೋಗೋರ ಗತಿ ಏನು? ಕೋಳಿ ಕಾಲು, ಕರು ಕಾಲು ಸಿಕ್ಕೋದು ಬೇರೆ. ಹೊಳೆ ದಡದಲ್ಲೂ ಎಸೀಬೇಡಿ, ನೀರಿಗೆ ಹೋದ್ರೆ ಯಾರೂ ಎತ್ತದೆ ಇದ್ರೂ ಅದು ಮೀನು ಹಿಡೀತಾನೇ ಇರ್ತದೆ, ಅವು ಅಲ್ಲೇ ಕೊಳೀತವೆ. ತುಂಡು ತುಂಡು ಕತ್ತರಿಸಿ, ಚೀಲ ಕಟ್ಟಿ, ಒಣ ಕಸಕ್ಕೆ ಕೊಡಿ. ಸುಡೋದೂ ಬೇಡ.

ಹರಿಗೋಲು ಇರೋರ ಮನೆ ಮುಂದೆ ಇನ್ನೊಂದು. ಅದು ಒಳಗೆ ಹಿಡಿಯಲ್ಲ, ನಿಜ, ಅಂಗಳದಲ್ಲೇ ಇರ್ಲಿ. ಆದ್ರೆ ಬಟ್ಟಲ ಥರ ಅಂಗಾತ ಬಿಟ್ರೆ ಒಂದೇ ಮಳೆಗೆ ತುಂಬ್ತದೆ, ಒಂದು ವಾರ ಹತ್ತು ದಿನಕ್ಕೆ ಸೊಳ್ಳೆ ಮರಿ ರೆಕ್ಕೆ ಬಂದು ಹಾರ್ತವೆ. 2024ರ ಮಳೆಗಾಲದಲ್ಲಿ ಡೆಂಗಿ ನಮ್ಮ ಜಿಲ್ಲೇನ ಹೆಂಗೆ ನಡುಗಿಸ್ತು ಅಂತ ಯಾರೂ ಮರೆತಿಲ್ಲ. ಬೋರಲು ಹಾಕೋಕೆ ಇಬ್ಬರು ಗಂಡಸ್ರು, ಅರ್ಧ ನಿಮಿಷ. ಕೆಳಗೆ ನಾಕು ಇಟ್ಟಿಗೆ ಕೊಟ್ರೆ ಗೆದ್ದಲೂ ಹತ್ತಲ್ಲ.

ಹೊಳೆನರಸೀಪುರದ ಹೊಸ ಮನೆಯವಳೇ, ನೀನು ಓದ್ತಿದೀಯ ಅಂತ ಗೊತ್ತು. ನಿಮ್ಮ ತಾರಸಿ ಕಾಂಕ್ರೀಟು ಇನ್ನೂ ಹಾಕಿಲ್ಲ. ಮೆಟ್ಟಿಲ ಕೆಳಗೆ ಮೂರಡಿ ಅಗಲದ ಜಾಗ ಖಾಲಿ ಐತೆ, ಕಿಟಕೀನೂ ಐತೆ, ಬಿಸಿಲು ಬೀಳಲ್ಲ. ಕಂಬಿ ಕಟ್ಟೋ ದಿನ ಮೇಸ್ತ್ರಿಗೆ ಹೇಳಿ ಅಲ್ಲಿ ನಾಕು ಕಬ್ಬಿಣದ ಕೊಂಡಿ ಬಿಡ್ಸು, ಫ್ಯಾನಿಗೆ ಬಿಡ್ತಾರಲ್ಲ ಅಂಥವು. ಒಂದರಿಂದೊಂದಕ್ಕೆ ಎರಡಡಿ ಇರ್ಲಿ, ಬೀಸುಬಲೆಗೆ ಅಷ್ಟು ಬೇಕು. ನಿನ್ನ ಗಂಡ ಏನಾದ್ರೂ ಅಂದ್ರೆ ನನ್ನ ಹೆಸರು ಹೇಳು. ಕಾಂಕ್ರೀಟು ಬಿದ್ದ ಮೇಲಾದ್ರೆ ಡ್ರಿಲ್ ಮಾಡೋರನ್ನ ಕರೀಬೇಕು, ಅವರು ಒಂದು ತೂತಿಗೆ ಇಷ್ಟು ಅಂತ ಕೇಳ್ತಾರೆ.